ಓಡುವ ನೀರನ್ನು ನಿಲ್ಲಿಸುವ ವಿದ್ಯೆ



ನಮ್ಮ ಕಾಸರಗೋಡು ಸೀಮೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರು ಮಳೆ ಸುರಿಯುತ್ತದೆ. ಆದರೂ ಆಟಿಯಲ್ಲಿ ಅಂಗಳದ ನೀರನ್ನು ಹೊರಗಟ್ಟಲು ಹೆಣಗುವ ನಾವೇ ಪಗ್ಗುವಿನಲ್ಲಿ ಬಾವಿಯ ತಳವನ್ನು ಇಣಿಕಿ ನೋಡುತ್ತೇವೆ. ಅಂದು ಓಡಿಹೋದ ನೀರೇ ಇಂದು ನಮಗೆ ಇಲ್ಲವಾದ ನೀರೆಂಬುದನ್ನು ನಾವು ಮನಗಾಣಬೇಕು.

ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಪದವಿನ ಮೇಲೆ ಪಳ್ಳಗಳನ್ನು ಉಳಿಸಿದರು; ಇಳಿಜಾರಿನ ನೀರಿಗೆ ಮಣ್ಣಿನ ದಂಡೆ ಹಾಕಿ ಮದಕಗಳನ್ನು ನಿರ್ಮಿಸಿದರು. ಅಲ್ಲಿ ತಂಗಿದ ನೀರು ಮೆಲ್ಲಮೆಲ್ಲನೆ ಇಂಗಿ, ಕೆಳಗಿನ ಬಾವಿಗಳಿಗೂ ಸುರಂಗಗಳಿಗೂ ಒಸರಾಯಿತು. ಮಳೆಗಾಲ ಕಳೆದ ಮೇಲೆ ತೋಡುಗಳಿಗೆ ಕಲ್ಲುಮಣ್ಣುಗಳ ಕಟ್ಟ ಹಾಕಿದರು. ನಮ್ಮ ಏತಡ್ಕದ ಕಟ್ಟಗಳು ಇದಕ್ಕೆ ಪ್ರಸಿದ್ಧವಾದ ನಿದರ್ಶನ.

ಇದು ಹಳ್ಳಿಯ ಮಾತು, ಪಟ್ಟಣಕ್ಕೆ ಸಲ್ಲದೆಂದು ಭಾವಿಸಬಾರದು. ದೊಡ್ಡ ಹೊಳೆಯಿಲ್ಲದ ಬೆಂಗಳೂರು ಬೆಳೆದುದೇ ಕೆರೆಗಳ ಸಾಲಿನಿಂದ. ಒಂದು ಕೆರೆಯ ಕೋಡಿ ಹರಿದು, ರಾಜಕಾಲುವೆಯ ಮೂಲಕ ಮುಂದಿನ ಕೆರೆಯನ್ನು ತುಂಬುತ್ತಿತ್ತು. ಕಾಲಕ್ರಮದಲ್ಲಿ ಧರ್ಮಾಂಬುಧಿ ಕೆರೆಯು ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯು ಕ್ರೀಡಾಂಗಣವಾಯಿತು; ಅನೇಕ ಕಾಲುವೆಗಳು ಒತ್ತುವರಿಯಾದವು. 2022ರ ಸೆಪ್ಟೆಂಬರಿನಲ್ಲಿ ಮಹದೇವಪುರ, ಬೆಳ್ಳಂದೂರುಗಳ ಕಡೆ ನೆರೆ ನುಗ್ಗಿದಾಗ ಜನರು ಟ್ರ್ಯಾಕ್ಟರುಗಳನ್ನೇರಿ ಸಂಚರಿಸಬೇಕಾಯಿತು. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಉದ್ಯೋಗಕ್ಕಾಗಿ ನೆಲಸಿರುವುದು ಅದೇ ನಗರದಲ್ಲಿ. ಇತ್ತ ಚೀನಾ ದೇಶವು 2015ರಲ್ಲಿ ಹದಿನಾರು ನಗರಗಳನ್ನು ಆರಿಸಿ, ಉದ್ಯಾನ, ಕೊಳ, ಜೌಗುನೆಲಗಳಿಂದ ಮಳೆನೀರನ್ನು ಸ್ಪಂಜಿನಂತೆ ಹೀರಿಸುವ ಯೋಜನೆಯನ್ನು ಕೈಗೊಂಡಿತು. ನಮ್ಮ ಪಳ್ಳ, ಮದಕಗಳ ತತ್ತ್ವವೂ ಇದೇ ಅಲ್ಲವೆ?

ಇಂದು ನಮ್ಮ ಪೇಟೆಗಳೂ ಬೆಳೆಯುತ್ತಿವೆ. ಅಂಗಳಕ್ಕೆ ಇಂಟರ್‌ಲಾಕ್ ಹಾಸಿ, ಪಳ್ಳವನ್ನು ಮುಚ್ಚಿ, ನೀರನ್ನು ಸಿಮೆಂಟಿನ ಚರಂಡಿಗೆ ಅಟ್ಟುವುದೇ ಪ್ರಗತಿಯೆಂದು ತಿಳಿದಿದ್ದೇವೆ. ನೂರು ಚದರ ಮೀಟರಿನ ಮಾಡಿನ ಮೇಲೆ ನೂರು ಮಿಲ್ಲಿಮೀಟರು ಮಳೆ ಬಿದ್ದರೆ ಹತ್ತು ಸಾವಿರ ಲೀಟರು ನೀರಾಗುತ್ತದೆ. ಅದು ಇಂಗಿದರೆ ನಮ್ಮ ಬಾವಿಗೆ. ಓಡಿದರೆ ತಗ್ಗಿನ ಮನೆಯವರ ಅಂಗಳಕ್ಕೆ.

ಆದುದರಿಂದ ಮಹನೀಯರಲ್ಲಿ ನಮ್ಮ ಅರಿಕೆಯಿಷ್ಟೆ: ಅಂಗಳದ ಒಂದು ಪಾಲನ್ನಾದರೂ ಮಣ್ಣಾಗಿಯೇ ಬಿಡಿ, ಮಾಡಿನ ನೀರಿಗೆ ಇಂಗುಗುಂಡಿ ತೋಡಿ, ಊರಿನ ಪಳ್ಳ, ಮದಕಗಳನ್ನು ಮುಚ್ಚಗೊಡಬೇಡಿ. ಗಡಿನಾಡಿನಲ್ಲಿ ಭಾಷೆಯನ್ನು ಉಳಿಸಲು ಶ್ರಮಿಸುವ ನಾವು ಇನ್ನೊಂದನ್ನೂ ನೆನೆಯಬೇಕು. ಮದಕವೇ ಇಲ್ಲದ ಊರಿನಲ್ಲಿ ಆ ಶಬ್ದದ ಅರ್ಥವನ್ನು ತರಗತಿಯಲ್ಲಿ ಎಷ್ಟು ವಿವರಿಸಿದರೇನು? ಮಕ್ಕಳು ಅದನ್ನು ಕಣ್ಣಾರೆ ಕಂಡು ಕಲಿಯುವಂತಾಗಲಿ ಎಂದು ಹಾರೈಸಿ, ನಮ್ಮ ಮಾತುಗಳನ್ನು ಮುಗಿಸುತ್ತೇವೆ.