ಹೊಸ್ತಿಲಿಗೆ ಬಂದು ಕರೆದರೆ

ನಮ್ಮ ಕಡೆ ಮದುವೆಗೆ ಲಗ್ನಪತ್ರಿಕೆ ಅಚ್ಚು ಹಾಕಿಸುತ್ತೇವೆ, ಈಗ ವಾಟ್ಸ್‌ಆ್ಯಪ್‌ನಲ್ಲೂ ಕಳಿಸುತ್ತೇವೆ. ಆದರೂ ಮನೆಯ ಹಿರಿಯರೊಬ್ಬರು ಹೊಸ್ತಿಲಿಗೆ ಹೋಗಿ, ಚಹಾ ಕುಡಿದು, "ಬರ್ಬೇಕ್ ನೋಡ್ರಿ ಮತ್ತ" ಎಂದು ಬಾಯಿಬಿಟ್ಟು ಹೇಳದಿದ್ದರೆ ಅದು ಕರೆದ ಲೆಕ್ಕಕ್ಕೆ ಬರುವುದಿಲ್ಲ. ಪತ್ರಿಕೆ ಕೈಯಲ್ಲಿದ್ದರೂ "ನಮಗ ಯಾರೂ ಹೇಳಿಲ್ಲ" ಎನ್ನುವವರಿದ್ದಾರೆ, ಅವರು ಹೇಳುವುದು ಸುಳ್ಳೇನಲ್ಲ. ಅರವತ್ತು ದಾಟಿದವರನ್ನು ಊರ ಕೆಲಸಕ್ಕೆ ಸ್ವಯಂಸೇವಕರಾಗಿ ಸೇರಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ನನಗೆ ಕಾಣುವ ಉತ್ತರ ಈ ಹೇಳಿಕೆಯ ಪದ್ಧತಿಯಲ್ಲೇ ಇದೆ. ಫ್ಲೆಕ್ಸು, ಸುತ್ತೋಲೆ, ಧ್ವನಿವರ್ಧಕದ ಆಟೋ ಇವೆಲ್ಲ ಲಗ್ನಪತ್ರಿಕೆ ಇದ್ದ ಹಾಗೆ. ಕರೆ ಎಂಬುದು ಅದೇ ವಯಸ್ಸಿನ, ಅದೇ ಓಣಿಯ ಬಾಯಿಂದ ಬರಬೇಕು.

ಅರವತ್ತು ದಾಟಿದವರೇ ಯಾಕೆ? 2009ರ ಕೊನೆಗೆ ಕಲಬುರಗಿಯಿಂದ ಬೇರೆಯಾದ ನಮ್ಮ ಯಾದಗಿರಿ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ 11.74 ಲಕ್ಷ ಜನ. ಸಾಕ್ಷರತೆ ಶೇ. 51.83, ಹೆಣ್ಣುಮಕ್ಕಳಲ್ಲಿ ಶೇ. 41ರ ಆಸುಪಾಸು. ರಾಜ್ಯದಲ್ಲಿ ಇದಕ್ಕಿಂತ ಕೆಳಗೆ ಇನ್ನೊಂದು ಜಿಲ್ಲೆ ಇರಲಿಲ್ಲ. ಸುಗ್ಗಿ ಮುಗಿಯುತ್ತಲೇ ಸುರಪುರ, ಶಹಾಪುರದ ಎಷ್ಟೋ ಹಳ್ಳಿಗಳಿಂದ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈಯ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತವೆ. ನಾರಾಯಣಪುರ ಅಣೆಕಟ್ಟೆಯ ಕಾಲುವೆ ನೀರು ತಲುಪಿದ ಊರಿನ ಕಥೆ ಬೇರೆ, ತಲುಪದ ಊರಿನ ಕಥೆ ಬೇರೆ. ಸಾಕ್ಷರತಾ ಆಂದೋಲನದ ಕಾಲದಿಂದಲೂ ನಾವು ಸ್ವಯಂಸೇವಕ ಎಂದರೆ ಹುಡುಗ ಎಂದೇ ತಿಳಿದವರು. 2022ರಲ್ಲಿ ಶುರುವಾದ ನವಭಾರತ ಸಾಕ್ಷರತಾ ಕಾರ್ಯಕ್ರಮವೂ ಸಂಬಳವಿಲ್ಲದ ಬೋಧಕರನ್ನೇ ನಂಬಿದೆ. ಆ ಹುಡುಗನ ಹೆಸರು ಪಟ್ಟಿಯಲ್ಲಿರುತ್ತದೆ, ಅವನು ಮಾತ್ರ ಯಾವುದೋ ನಗರದ ಸೆಂಟ್ರಿಂಗ್ ಮೇಲೆ ನಿಂತಿರುತ್ತಾನೆ. ವರ್ಷವಿಡೀ ಊರಲ್ಲಿ ಸಿಗುವವರು ಮುತ್ಯಾ, ಆಯಿ ಮತ್ತು ಅವರ ಸುಪರ್ದಿಗೆ ಬಿಟ್ಟ ಮೊಮ್ಮಕ್ಕಳು. ಆ ಮೊಮ್ಮಕ್ಕಳೇ ಶಾಲೆ ತಪ್ಪಿಸುವವರು. ಬೆಳಿಗ್ಗೆ ಓಣಿಯಲ್ಲಿ ಒಂದು ಸುತ್ತು ಹಾಕಿ ಮಕ್ಕಳನ್ನು ಶಾಲೆಗೆ ಹೊರಡಿಸುವುದು, ಸಂಜೆ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಕಥೆ ಹೇಳುವುದು, ಒಂಟಿಯಾಗಿ ಹಾಸಿಗೆ ಹಿಡಿದವರನ್ನು ವಿಚಾರಿಸಿ ಬರುವುದು: ಇವಕ್ಕೆ ಬೇಕಾದದ್ದು ಊರಲ್ಲೇ ಇರುವ ಮನುಷ್ಯ.

ಓರಗೆಯವರು ಕರೆದರೆ ಬರುತ್ತಾರೆ ಎನ್ನಲು ದೂರದ ಸಾಕ್ಷಿ ಬೇಡ. ಸಂತರಾದ ತಿಂಥಣಿ ಮೌನೇಶ್ವರ, ಕೊಡೇಕಲ್ ಬಸವಣ್ಣರ ಈ ಸೀಮೆಯಲ್ಲಿ ಭಜನಾ ಮಂಡಳಿಗಳು ಹೇಗೆ ಉಳಿದಿವೆ ನೋಡಿ. ಅರ್ಜಿ ಇಲ್ಲ, ತರಬೇತಿ ಶಿಬಿರವಿಲ್ಲ. ಗುಡಿಯ ಕಂಬಕ್ಕೆ ಒರಗಿ ಸುಮ್ಮನೆ ಕೇಳುತ್ತಿದ್ದವನ ಕೈಗೆ ಪಕ್ಕದ ಮುದುಕ ಒಂದು ಜೊತೆ ತಾಳ ತುರುಕುತ್ತಾನೆ. ನಾಲ್ಕಾರು ಸೋಮವಾರ ಆತ ಹಿಂದೆ ಕೂತು ತಾಳ ತಪ್ಪಿಸುತ್ತಾನೆ, ಯಾರೂ ಬೈಯುವುದಿಲ್ಲ. ಆಮೇಲೊಂದು ದಿನ ಪದದ ಸೊಲ್ಲು ಅವನ ಬಾಯಿಂದಲೇ ಎದ್ದಿರುತ್ತದೆ. ಮಹಿಳಾ ಸ್ವಸಹಾಯ ಸಂಘಗಳು ಹಬ್ಬಿದ ದಾರಿಯೂ ಇದೇ ಜಾತಿಯದು. ಆಂಧ್ರದಲ್ಲಿ ಸಂಘದಿಂದ ಬದುಕು ಕಟ್ಟಿಕೊಂಡ ಹೆಂಗಸರೇ ಬೇರೆ ಊರಿಗೆ ಹೋಗಿ, ಹದಿನೈದು ದಿನ ಅಲ್ಲೇ ಉಳಿದು, ಮನೆಮನೆ ತಿರುಗಿ ಹೊಸ ಸಂಘ ಕಟ್ಟಿದರು. ಅಧಿಕಾರಿ ಹೇಳಿದರೆ ಯೋಜನೆ ಎನಿಸುವುದು, ತನ್ನಂಥವಳೇ ಹೇಳಿದಾಗ ಆಗುವ ಮಾತು ಎನಿಸುತ್ತದೆ.

ಮೊದಲ ಆಕ್ಷೇಪ ಗಟ್ಟಿಯಾದದ್ದು: ಇಲ್ಲಿ ಮುದುಕರಿಗೆ ಬಿಡುವೆಲ್ಲಿದೆ? ನಿವೃತ್ತಿ ಎಂಬುದು ನೌಕರಿಯವರ ಮಾತು. ಎಪ್ಪತ್ತರ ಆಯಿ ಹತ್ತಿ ಬಿಡಿಸಲು ಹೋಗುತ್ತಾಳೆ, ಮುತ್ಯಾ ಆಡು ಕಾಯುತ್ತಾನೆ. ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿಯಲ್ಲಿ ಬದುಕು ಸಾಗದು. ಒಪ್ಪಿದೆ. ಆದ್ದರಿಂದಲೇ ಕರೆಯುವವನು ಓರಗೆಯವನಾಗಿರಬೇಕು. ಯಾರ ಮಂಡಿ ನೋಯುತ್ತದೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರು ಸಂಜೆಯ ಒಂದು ತಾಸು ಮಾತ್ರ ಕೊಟ್ಟಾರು ಎಂಬುದು ಅವನಿಗೆ ಗೊತ್ತು. "ಸಮಾಜಸೇವೆಗೆ ಬನ್ನಿ" ಎಂದು ಅವನು ಕೇಳುವುದಿಲ್ಲ. "ಬುಧವಾರ ಸಂಜಿ ಒಂದ್ ತಾಸು ಬಾ" ಎನ್ನುತ್ತಾನೆ. ಇನ್ನು ಹೆಚ್ಚು ಓದಿಲ್ಲದವರಿಂದ ಏನಾದೀತು ಎನ್ನುವವರಿಗೆ ಜಿಂಬಾಬ್ವೆಯ ಉತ್ತರವಿದೆ. 2006ರಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಹರಾರೆಯಲ್ಲಿ 14 ಅಜ್ಜಿಯರೊಂದಿಗೆ 'ಗೆಳೆತನದ ಬೆಂಚು' ಶುರುಮಾಡಿದರು. ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕೂತು ಬಂದವರ ಅಳಲು ಕೇಳುವುದು ಅವರ ಕೆಲಸ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 573 ಮಂದಿಯನ್ನು ನೋಡಲಾಯಿತು. ಆರು ತಿಂಗಳ ಬಳಿಕ ಖಿನ್ನತೆಯ ಲಕ್ಷಣ ಉಳಿದದ್ದು ಬೆಂಚಿಗೆ ಬಂದವರಲ್ಲಿ ಶೇ. 13.7, ಮಾಮೂಲಿ ಚಿಕಿತ್ಸೆಯವರಲ್ಲಿ ಶೇ. 49.9. ಆ ಅಜ್ಜಿಯರು ದೊಡ್ಡ ಓದಿನವರಲ್ಲ. ಆದರೆ ಅವರಿಗೆ ತರಬೇತಿ ಇತ್ತು, ಬೆನ್ನಿಗೆ ದವಾಖಾನೆ ಇತ್ತು. ಅದನ್ನು ಮರೆತು ಅಜ್ಜಿಯರನ್ನಷ್ಟೇ ಹೊಗಳುವುದು ತಪ್ಪು.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬೇರೆ. ಅಗಸಿ ಕಟ್ಟೆಯ ಮೇಲೆ ಕೂಡುವವರು ಯಾರು? ಗಂಡಸರು, ಅವರಲ್ಲೂ ಕೆಲವೇ ಓಣಿಗಳವರು. ಓರಗೆಯವರು ಓರಗೆಯವರನ್ನೇ ಕರೆದರೆ ಕರೆ ಆ ಕಟ್ಟೆ ಬಿಟ್ಟು ಇಳಿಯುವುದೇ ಇಲ್ಲ. ಹಿರಿಯರ ಮಾತಿಗೆ ತೂಕವಿದೆ ಎನ್ನುತ್ತೇವೆ. ಹದಿನಾಲ್ಕರ ಹುಡುಗಿಯ ಲಗ್ನ ನಿಶ್ಚಯಿಸುವ ಮಾತೂ ಅದೇ ತೂಕದ್ದೇ. ಇದಕ್ಕೆ ನುಣುಚಿಕೊಳ್ಳುವ ಉತ್ತರ ಬೇಡ. ಊರಿಗೊಬ್ಬ ಮುಖಂಡನನ್ನು ಹಿಡಿದು "ನಿಮ್ಮವರನ್ನು ಕರೆತನ್ನಿ" ಎಂದರೆ ಈ ಕೆಲಸ ಕೆಡುವುದು ಖಂಡಿತ. ಮೊದಲ ಕರೆಗಾರರೇ ಹಲವರಿರಬೇಕು: ದಲಿತ ಕೇರಿಯಿಂದ, ತಾಂಡಾದಿಂದ, ಮುಸ್ಲಿಂ ಓಣಿಯಿಂದ ಒಬ್ಬೊಬ್ಬರು, ಎಲ್ಲ ಕಡೆಯೂ ಒಬ್ಬ ಹೆಂಗಸು. ಮೊಮ್ಮಗಳನ್ನು ಹತ್ತನೇ ಇಯತ್ತೆ ದಾಟಿಸಿದ ಆಯಿಯೊಬ್ಬಳು ಇನ್ನೊಬ್ಬ ಆಯಿಯ ಪಡಸಾಲೆಯಲ್ಲಿ ಕೂತು ಆಡುವ ಮಾತು ನಮ್ಮ ನೂರು ಭಾಷಣಕ್ಕೆ ದಕ್ಕದು. ಈ ಭಾಷಣವೂ ಆ ನೂರರಲ್ಲಿ ಒಂದು.

ಸರ್ಕಾರದ ಹೊರೆಯನ್ನು ಮುದುಕರ ತಲೆಗೆ ಕಟ್ಟಿದಂತಾಗುವುದಿಲ್ಲವೇ ಎಂದೂ ಕೇಳುತ್ತಾರೆ. ಶಿಕ್ಷಕರ ಖಾಲಿ ಹುದ್ದೆಗೆ ಮುತ್ಯಾನನ್ನು ಕೂರಿಸುವುದಾದರೆ ನಾನೂ ವಿರೋಧಿಯೇ. ಮಗುವನ್ನು ಶಾಲೆಯ ಬಾಗಿಲವರೆಗೆ ತಂದು ಬಿಡುವುದು ಅವನ ಪಾಲು, ಒಳಗಿನದು ಮಾಸ್ತರರದು. ಬಸ್ಸಿನ ಖರ್ಚು, ಚಹಾ, ಕನ್ನಡಕ ಇವನ್ನಾದರೂ ಕರೆಸಿಕೊಂಡ ಸಂಸ್ಥೆ ಭರಿಸಬೇಕು.

ಎಲ್ಲಿಂದ ಶುರುಮಾಡುವುದು? ಪಿಂಚಣಿ ಬರುವ ದಿನ ಅಂಚೆ ಕಚೇರಿಯ ಮುಂದಿನ ನೆರಳಿಗೆ ಹೋಗಿ. ಎಲ್ಲ ಓಣಿಯ ಮುದುಕ ಮುದುಕಿಯರು ಒಂದೇ ಸಾಲಿನಲ್ಲಿ ಕಾಯುವ ಅಂಥ ಜಾಗ ಊರಲ್ಲಿ ಇನ್ನೊಂದಿಲ್ಲ. ಚೀಲದಿಂದ ಎಲೆ ಅಡಿಕೆ ಹೊರಬರುತ್ತದೆ, ಸುಣ್ಣದ ಡಬ್ಬಿ ಕೈ ಬದಲಾಗುತ್ತದೆ. ಅಲ್ಲಿ ಒಬ್ಬಾಕೆ ಪಕ್ಕದವಳನ್ನು ಕೇಳಿದರೆ ಸಾಕು. ಸಂಘಟಕರಿಗೆ ಒಂದೇ ಸೂಚನೆ: "ನೋಡಮ್ರಿ" ಎಂಬ ಉತ್ತರ ಬಂದರೆ ಅದನ್ನು 'ಇಲ್ಲ' ಎಂದು ಬರೆದುಕೊಳ್ಳಬೇಡಿ. ಮದುವೆಯ ಹೇಳಿಕೆಗೂ ನಮ್ಮವರು ಮೊದಲು ಹೇಳುವುದು ಅದನ್ನೇ.