ಪಿಕಪ್ ಗಾಡಿಯ ಸೈಲೆನ್ಸರ್: ಮನೆಯಲ್ಲಿ ಮೊದಲ ಸಲ ಬದಲಾಯಿಸುವವರಿಗೆ



ಚಕ್ಕಡಿಗೆ ಕೀಲೆಣ್ಣೆ ಹಾಕುವುದು, ನೇಗಿಲಿನ ಗುಳ ತಟ್ಟಿಸುವುದು, ಪಂಪಿನ ವಾಷರ್ ಬದಲಿಸುವುದು ರೈತರಿಗೆ ಹೊಸತಲ್ಲ. ಇಂದು ಚಕ್ಕಡಿಯ ಜಾಗಕ್ಕೆ ಬಹಳ ಕಡೆ ಪಿಕಪ್ ಗಾಡಿ ಬಂದಿದೆ. ಅದರ ಎಲ್ಲ ದುರಸ್ತಿಯೂ ಮನೆಯಲ್ಲಿ ಆಗುವಂಥದ್ದಲ್ಲ. ಕೆಲವು ಮಾತ್ರ ಆಗುತ್ತವೆ. ಸೈಲೆನ್ಸರ್ ಬದಲಾಯಿಸುವುದು ಅಂಥ ಒಂದು ಕೆಲಸ. ಇದರಲ್ಲಿ ನಟ್ಟು ಬಿಚ್ಚುವುದು ಸಣ್ಣ ವಿದ್ಯೆ. ಗಾಡಿಯ ಕೆಳಗೆ ಹೋಗಿ ಕ್ಷೇಮವಾಗಿ ಹೊರಗೆ ಬರುವುದು ದೊಡ್ಡ ವಿದ್ಯೆ.

ಸೈಲೆನ್ಸರ್ ಏಕೆ ತೂತು ಬೀಳುತ್ತದೆ?

ಇಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಸೈಲೆನ್ಸರಿನ ಒಳಗಿನ ಕೋಣೆಗಳಲ್ಲಿ ಹಿಗ್ಗಿ, ತೂತುಳ್ಳ ಕೊಳವೆಗಳಲ್ಲಿ ಹಾದು, ಸಪ್ಪಳ ಕಳೆದುಕೊಂಡು ಹೊರಗೆ ಹೋಗುತ್ತದೆ. ಅಮೆರಿಕದ ರೀವ್ಸ್ ಸಹೋದರರು ಇಂಥ ಸಾಧನಕ್ಕೆ 1897ರಲ್ಲೇ ಪೇಟೆಂಟ್ ಪಡೆದಿದ್ದರು. ತತ್ವ ಇಂದಿಗೂ ಹೆಚ್ಚು ಬದಲಾಗಿಲ್ಲ.

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಈ ಸಂಗತಿ ಬಹಳ ಜನರ ಗಮನಕ್ಕೆ ಬಂದಿರುವುದಿಲ್ಲ. ಗಾಡಿ ದೂರ ಓಡಿ ಸೈಲೆನ್ಸರ್ ಚೆನ್ನಾಗಿ ಕಾಯ್ದರೆ ಈ ಆವಿ ಹೊರಗೆ ಹೋಗುತ್ತದೆ. ಎರಡು ಮೂರು ಕಿ.ಮೀ. ಓಡಿಸಿ ನಿಲ್ಲಿಸುತ್ತಿದ್ದರೆ ಅದು ತಂಪಾದ ತಗಡಿನ ಮೇಲೆ ನೀರಾಗಿ ಒಳಗೇ ನಿಲ್ಲುತ್ತದೆ. ಹೊಗೆಯಲ್ಲಿನ ಆಮ್ಲಾಂಶ ಆ ನೀರಿಗೆ ಸೇರಿ ತಗಡನ್ನು ಒಳಗಿನಿಂದ ತಿನ್ನುತ್ತದೆ.

ಖಾನಾಪುರದ ಕಡೆ ಹೊಲ, ಬೆಳಗಾವಿಯ ಶಿವಬಸವ ನಗರದಲ್ಲಿ ಮನೆ ಇರುವ ರೈತನ ಗಾಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಊರಿನಿಂದ ಊರಿಗೆ ಸುಮಾರು 25 ಕಿ.ಮೀ. ಓಡಿದ ದಿನ ಸೈಲೆನ್ಸರಿಗೆ ಒಳ್ಳೆಯದೇ. ಉಳಿದ ದಿನಗಳಲ್ಲಿ ಪೇಟೆಯೊಳಗಿನ ಚಿಕ್ಕ ಓಡಾಟವೇ ಅದಕ್ಕೆ ಶತ್ರು. ಜಾಂಬೋಟಿ, ಕಣಕುಂಬಿ ಕಡೆಯ ಮಳೆಗಾಲದ ಕೆಸರು ಹೊರಗಿನಿಂದ ಮೆತ್ತಿಕೊಂಡು ತೇವ ಹಿಡಿದಿಡುತ್ತದೆ. ಹಲವು ಸೈಲೆನ್ಸರುಗಳ ತಳದಲ್ಲಿ ನೀರು ಸೋರಲು ಚಿಕ್ಕ ರಂಧ್ರ ಇರುತ್ತದೆ. ಅದೂ ಕೆಸರಿನಿಂದ ಮುಚ್ಚಿದರೆ ತಗಡು ಎರಡೂ ಕಡೆಯಿಂದ ಸವೆಯುತ್ತದೆ.

ತಡಮಾಡಿದರೆ ಏನಾಗುತ್ತದೆ?

ಸಪ್ಪಳ ಹೆಚ್ಚಾಯಿತೆಂದು ಮಾತ್ರ ತಿಳಿದು ಸುಮ್ಮನಿರುವುದು ತಪ್ಪು. ಸೋರುವ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಅನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಕ್ಯಾಬಿನ್ನಿನ ಅಡಿಯಲ್ಲಿ ತೂತಿದ್ದು ಮಳೆಗೆಂದು ಗಾಜು ಏರಿಸಿದ್ದರೆ ಅದು ಒಳಗೆ ಸೇರುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಇದರ ಮೊದಲ ಲಕ್ಷಣಗಳು. ಡೀಸೆಲ್ ಹೊಗೆಯಲ್ಲಿ ಈ ಅನಿಲ ಪೆಟ್ರೋಲ್ ಹೊಗೆಗಿಂತ ಕಡಿಮೆ, ಆದರೆ ಇಲ್ಲವೆಂದಲ್ಲ. ಇನ್ನೊಂದು ಅಪಾಯ ಬೆಂಕಿಯದು. ಕಬ್ಬಿನ ರವದಿ, ಒಣ ಹುಲ್ಲು ಬಿದ್ದ ಜಾಗದಲ್ಲಿ ಕಾಯ್ದ ಗಾಡಿ ನಿಲ್ಲಿಸಿದಾಗ, ತೂತಿನಿಂದ ಕೆಳಮುಖವಾಗಿ ಬರುವ ಬಿಸಿ ಹೊಗೆಗೆ ಅವು ಹೊತ್ತಿಕೊಳ್ಳಬಹುದು.

ಕಾನೂನಿನ ಮಾತೂ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 120ನೆಯ ನಿಯಮದಂತೆ ವಾಹನಕ್ಕೆ ಸೈಲೆನ್ಸರ್ ಕಡ್ಡಾಯ. ಕೃಷಿ ಟ್ರ್ಯಾಕ್ಟರಿಗೂ ಬಿಡುವಿಲ್ಲ. ಆದ್ದರಿಂದ ಹಳೆಯದನ್ನು ಕಿತ್ತು ಬರೀ ಪೈಪು ಹಾಕಿಕೊಂಡು ಓಡಾಡುವುದು ಉಪಾಯವಲ್ಲ.

ಮನೆಯಲ್ಲಿ ಮಾಡಬಹುದೇ?

ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡಬೇಕು. ಸೈಲೆನ್ಸರ್ ಮುಂದಿನ ಪೈಪಿಗೆ ನಟ್ಟು ಬೋಲ್ಟಿನಿಂದ ಅಥವಾ ಕ್ಲಾಂಪಿನಿಂದ ಕೂಡಿ, ರಬ್ಬರುಗಳ ಮೇಲೆ ತೂಗುಬಿದ್ದಿದ್ದರೆ ಮನೆಯಲ್ಲಿ ಮಾಡಬಹುದು. ಕೆಳಗಿನ ಸಂದರ್ಭಗಳಲ್ಲಿ ಗ್ಯಾರೇಜಿಗೇ ಒಯ್ಯಬೇಕು:

1. ಸೈಲೆನ್ಸರ್ ಮುಂದಿನ ಪೈಪಿಗೆ ವೆಲ್ಡ್ ಆಗಿದ್ದರೆ.

2. ಸೋರಿಕೆ ಇಂಜಿನ್ನಿನ ಬುಡದಲ್ಲಿದ್ದರೆ.

3. ತೂತು ಬಿದ್ದ ಭಾಗ ಹೊಗೆ ಶುದ್ಧಮಾಡುವ ಡಬ್ಬಿಯೊಡನೆ ಒಂದಾಗಿದ್ದರೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ಗಾಡಿಗಳಲ್ಲಿ ಇದರ ಸುತ್ತ ಸೆನ್ಸರುಗಳೂ ತಂತಿಗಳೂ ಇರುತ್ತವೆ. ಅವನ್ನು ಮುಟ್ಟಬಾರದು.

ಸೋರುವ ಜಾಗ ಪತ್ತೆಹಚ್ಚುವುದು ಸುಲಭ. ಕೀಲುಗಳ ಬಳಿ ಕರಿ ಮಸಿಯ ಗುರುತು ಇರುತ್ತದೆ. ಬಯಲಿನಲ್ಲಿ ಇಂಜಿನ್ ತಂಪಿರುವಾಗ ಚಾಲೂ ಮಾಡಿ, ಹಿಂದಿನ ಬಾಯಿಗೆ ದಪ್ಪ ಬಟ್ಟೆಯನ್ನು ಕ್ಷಣಕಾಲ ಹಿಡಿದರೆ ಸೋರುವ ಕಡೆ ಬುಸ್ ಎಂಬ ಸದ್ದು ಕೇಳುತ್ತದೆ.

ಸಿದ್ಧತೆ

ಬಿಚ್ಚುವ ಮೊದಲೇ ಹೊಸ ಸಾಮಾನು ಕೈಯಲ್ಲಿರಬೇಕು. ಗಾಡಿಯ ಮಾದರಿ, ತಯಾರಾದ ವರ್ಷ, ಚಾಸಿ ನಂಬರು ಬರೆದುಕೊಂಡು ಹೋಗಿ ಸೈಲೆನ್ಸರ್ ಕೊಳ್ಳಬೇಕು. ಜೊತೆಗೆ ಹೊಸ ಪ್ಯಾಕಿಂಗ್, ನಟ್ಟು ಬೋಲ್ಟು, ತೂಗುರಬ್ಬರುಗಳನ್ನೂ ತರಬೇಕು. ಹಳೆಯ ಪ್ಯಾಕಿಂಗ್ ಎರಡನೆಯ ಸಲ ಬಿಗಿ ಹಿಡಿಯುವುದಿಲ್ಲ. ಮನೆಗೆ ತಂದ ಮೇಲೆ ಹೊಸದನ್ನು ಹಳೆಯದರ ಪಕ್ಕಕ್ಕೆ ಹಿಡಿದು ಪೈಪಿನ ದಪ್ಪ, ಕೊಂಡಿಗಳ ಜಾಗ ತಾಳೆ ನೋಡಬೇಕು.

ಹಿಂದಿನ ರಾತ್ರಿ, ಗಾಡಿ ಪೂರ್ತಿ ತಣ್ಣಗಾದ ಮೇಲೆ, ತುಕ್ಕು ಬಿಡಿಸುವ ಎಣ್ಣೆಯನ್ನು ನಟ್ಟುಗಳ ಎಳೆಗೆ ಬಿಡಬೇಕು. ಬೆಳಿಗ್ಗೆ ಇನ್ನೊಂದು ಸಲ ಬಿಟ್ಟರೆ ಅರ್ಧ ಕೆಲಸ ಆದಂತೆಯೇ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಅವಶ್ಯ. ಮಲಗಿ ಮೇಲೆ ನೋಡುವಾಗ ತುಕ್ಕಿನ ಪುಡಿ ನೇರ ಕಣ್ಣಿಗೆ ಬೀಳುತ್ತದೆ.

ಗಾಡಿ ಎತ್ತುವಾಗ

ಪಿಕಪ್ ಗಾಡಿ ನೆಲದಿಂದ ಎತ್ತರದಲ್ಲಿರುತ್ತದೆ. ಎತ್ತದೆಯೇ ಕೈ ಆಡುವಂತಿದ್ದರೆ ಎತ್ತಬಾರದು. ಎತ್ತಲೇಬೇಕಾದರೆ ಈ ಕ್ರಮವನ್ನು ಬಿಡದೆ ಪಾಲಿಸಬೇಕು:

1. ಮಾಲು ಪೂರ್ತಿ ಇಳಿಸಿ, ಗಟ್ಟಿಯಾದ ಸಪಾಟು ನೆಲದಲ್ಲಿ ನಿಲ್ಲಿಸಬೇಕು. ಓಣಿಯ ಇಳಿಜಾರು, ಹೊಲದ ಮೆತ್ತನೆಯ ಮಣ್ಣು ಬೇಡ.

2. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಓಟೆ ಕೊಡಬೇಕು. ಸಾಮಾನ್ಯವಾಗಿ ಪಿಕಪ್‌ನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಗೇರಿನ ಹಿಡಿತವೂ ಅವಕ್ಕೇ. ಹಿಂದಿನ ಚಕ್ರಗಳು ನೆಲ ಬಿಟ್ಟವೆಂದರೆ ಎರಡೂ ಇಲ್ಲದಂತೆ. ಆಗ ಗಾಡಿಯನ್ನು ತಡೆಯುವುದು ಮುಂದಿನ ಓಟೆ ಮಾತ್ರ.

3. ಗಾಡಿಯ ಕೈಪಿಡಿಯಲ್ಲಿ ತೋರಿಸಿದ ಜಾಗದಲ್ಲಿಯೇ ಜಾಕ್ ಇಡಬೇಕು.

4. ಎತ್ತಿದ ಕೂಡಲೇ ಎರಡೂ ಬದಿಗೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಭಾರವನ್ನು ಅವುಗಳ ಮೇಲೆ ಇಳಿಸಬೇಕು. ಜಾಕ್ ಎತ್ತುವ ಸಾಧನವೇ ಹೊರತು ಹೊತ್ತು ನಿಲ್ಲುವ ಸಾಧನವಲ್ಲ. ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕ್ ಎಂದಿಗೂ ಬೇಡ. ಅವು ಮುನ್ಸೂಚನೆ ಇಲ್ಲದೆ ಒಡೆಯುತ್ತವೆ.

5. ಕೆಳಗೆ ಹೋಗುವ ಮೊದಲು ಗಾಡಿಯನ್ನು ಜೋರಾಗಿ ನೂಕಿ ನೋಡಬೇಕು. ಅಲುಗಿದರೆ ಮತ್ತೆ ಮೊದಲಿನಿಂದ.

6. ಬೀಗದ ಕೈ ಕೆಳಗೆ ಹೋಗುವವನ ಕಿಸೆಯಲ್ಲಿರಬೇಕು. ಇನ್ನೊಬ್ಬರು ಹೊರಗೆ ನಿಂತಿರಬೇಕು, ಮಕ್ಕಳು ದೂರವಿರಬೇಕು.

ಸ್ಟ್ಯಾಂಡ್ ಇಲ್ಲದಿದ್ದರೆ ಕೆಲಸ ಆ ದಿನ ಬೇಡ. ಒಂದು ಗ್ಯಾರೇಜಿನ ಮಜೂರಿ ಜೀವಕ್ಕಿಂತ ಹೆಚ್ಚಿನದಲ್ಲ.

ಬಿಚ್ಚುವುದು

ನಟ್ಟನ್ನು ಮೊದಲು ಕೂದಲೆಳೆಯಷ್ಟು ಬಿಗಿದು, ಅನಂತರ ಸಡಿಲಿಸಿದರೆ ತುಕ್ಕಿನ ಹಿಡಿತ ಒಡೆಯುತ್ತದೆ. ಸರಿಯಾದ ಅಳತೆಯ ಪಾನಾ ಬಳಸಬೇಕು. ಸಡಿಲವಾದ ಪಾನಾದಿಂದ ನಟ್ಟಿನ ಮೂಲೆ ಸವೆದುಹೋಗುತ್ತದೆ. ಬಾರದ ನಟ್ಟನ್ನು ಗರಗಸದ ಬ್ಲೇಡಿನಿಂದ ಕೊಯ್ಯಬಹುದು. ಬೆಂಕಿಯಿಂದ ಕಾಯಿಸುವ ಪ್ರಯತ್ನ ಮನೆಯಲ್ಲಿ ಸಲ್ಲದು. ಡೀಸೆಲ್ ಟಾಕಿ, ಬ್ರೇಕಿನ ನಳಿಕೆ, ವೈರುಗಳು ಹತ್ತಿರದಲ್ಲೇ ಇರುತ್ತವೆ.

ಕೊನೆಯ ಬೋಲ್ಟು ತೆಗೆಯುವ ಮೊದಲು ಸೈಲೆನ್ಸರಿಗೆ ಹಗ್ಗದ ಅಥವಾ ಮರದ ದಿಮ್ಮಿಯ ಆಸರೆ ಕೊಡಬೇಕು. ಇಲ್ಲವಾದರೆ ಅದು ಎದೆಯ ಮೇಲೆ ಬೀಳಬಹುದು. ತೂಗುರಬ್ಬರುಗಳನ್ನು ಜಾರಿಸಲು ಸೋಪಿನ ನೀರು ಸಾಕು. ಇಂಜಿನ್ ಎಣ್ಣೆ ಹಚ್ಚಿದರೆ ರಬ್ಬರು ಬೇಗ ಕೆಡುತ್ತದೆ.

ಜೋಡಿಸುವುದು

ಮುಂದಿನ ಪೈಪಿನ ಮುಖವನ್ನು ತಂತಿ ಬ್ರಷ್‌ನಿಂದ ಉಜ್ಜಿ, ಹಳೆಯ ಪ್ಯಾಕಿಂಗಿನ ಚೂರು ಉಳಿಯದಂತೆ ಸ್ವಚ್ಛ ಮಾಡಬೇಕು. ಹೊಸ ಸೈಲೆನ್ಸರನ್ನು ರಬ್ಬರುಗಳಿಗೆ ತೂಗುಹಾಕಿ, ಪ್ಯಾಕಿಂಗ್ ಇಟ್ಟು, ಎಲ್ಲ ಬೋಲ್ಟುಗಳನ್ನು ಮೊದಲು ಕೈಬೆರಳಿನಿಂದಷ್ಟೇ ತಿರುಗಿಸಬೇಕು. ಮೊದಲ ಸಲ ಮಾಡುವವರು ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗುತ್ತಾರೆ. ಆಗ ಪೈಪು ವಾರೆಯಾಗಿ ಕುಳಿತು ಉಳಿದ ಬೋಲ್ಟು ಕೂಡುವುದಿಲ್ಲ.

ಸೈಲೆನ್ಸರ್ ನೇರ ನಿಂತಿದೆ. ಸ್ಟೆಪ್ನಿ ಟಾಯರು, ಬ್ರೇಕಿನ ನಳಿಕೆ, ವೈರುಗಳಿಗೆ ತಗಲುವುದಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ, ಮುಂದಿನಿಂದ ಹಿಂದಕ್ಕೆ, ಒಂದೊಂದು ಬೋಲ್ಟಿಗೂ ಸರದಿಯಂತೆ ಸ್ವಲ್ಪ ಸ್ವಲ್ಪ ಬಿಗಿ ಕೊಡುತ್ತ ಹೋಗಬೇಕು.

ಪರೀಕ್ಷೆ

ಗಾಡಿ ಇಳಿಸಿ, ಬಯಲಿನಲ್ಲಿ ಇಂಜಿನ್ ಚಾಲೂ ಮಾಡಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂದಿಗೂ ಮಾಡಬಾರದು. ಪೈಪು ಕಾಯುವ ಮೊದಲೇ ಕೀಲಿಗೆ ಸೋಪಿನ ನೀರು ಹಚ್ಚಿದರೆ ಸೋರುವ ಜಾಗದಲ್ಲಿ ಗುಳ್ಳೆ ಏಳುತ್ತದೆ. ಮೊದಲ ಕೆಲವು ನಿಮಿಷ ಹೊಸ ತಗಡಿನ ಎಣ್ಣೆ ಸುಟ್ಟು ವಾಸನೆ ಬಂದರೆ ಗಾಬರಿ ಬೇಡ. ಖಾನಾಪುರಕ್ಕೆ ಹೋಗಿ ಬಂದ ಮರುದಿನ ಬೆಳಿಗ್ಗೆ, ಗಾಡಿ ತಂಪಿರುವಾಗ, ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದು ನೋಡಬೇಕು. ಬದಲಾಯಿಸಿದ ದಿನಾಂಕ, ಓಡಿದ ಕಿ.ಮೀ. ಬರೆದಿಟ್ಟರೆ ಮುಂದಿನ ಸಲಕ್ಕೆ ಲೆಕ್ಕ ಸಿಗುತ್ತದೆ.

ಬಾಳಿಕೆ ಹೆಚ್ಚಿಸಲು

ವಾರಕ್ಕೊಮ್ಮೆಯಾದರೂ ಗಾಡಿಯನ್ನು ದೂರ ಓಡಿಸಿ ಸೈಲೆನ್ಸರ್ ಒಣಗಿಸಬೇಕು. ಮಳೆಗಾಲದಲ್ಲಿ ಅಡಿಯ ಕೆಸರನ್ನು ತೊಳೆಯಬೇಕು. ತಳದ ರಂಧ್ರವನ್ನು ಸಣ್ಣ ತಂತಿಯಿಂದ ತೆರೆದಿಡಬೇಕು. ಕಾಯ್ದ ಗಾಡಿಯನ್ನು ರವದಿ, ಹುಲ್ಲಿನ ಮೇಲೆ ನಿಲ್ಲಿಸಬಾರದು.

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತು ಈ ಕೆಲಸಕ್ಕೆ ಚೆನ್ನಾಗಿ ಒಪ್ಪುತ್ತದೆ. ಸಂತೆಗೆ ಹೊರಡುವ ಬೆಳಗಿನ ಜಾವ ಇದಕ್ಕೆ ಕೈ ಹಾಕದೆ, ಬಿಡುವಿನ ಒಂದು ಪೂರ್ತಿ ದಿನ ಇಟ್ಟುಕೊಂಡರೆ, ಮೊದಲ ಸಲ ಮಾಡುವ ರೈತನಿಗೂ ಈ ಕೆಲಸ ಕೈಗೂಡುತ್ತದೆ.