ಮ್ಯಾನ್ಮಾರ್: ಒಗ್ಗಟ್ಟಿಲ್ಲದ ನಿರ್ಬಂಧಗಳು



ವಿದೇಶಾಂಗ ನೀತಿ ಎಂದರೆ ನಮ್ಮ ಮಾತು ಅಮೆರಿಕ, ಚೀನಾ, ಪಾಕಿಸ್ತಾನಗಳ ಸುತ್ತಲೇ ಸುತ್ತುತ್ತದೆ. ನಮ್ಮೊಡನೆ 1,643 ಕಿ.ಮೀ. ಗಡಿ ಹಂಚಿಕೊಂಡಿರುವ ಮ್ಯಾನ್ಮಾರ್ ಅದರಲ್ಲಿ ಬರುವುದೇ ಅಪರೂಪ. ಈ ಭಾಷಣವನ್ನು ಅದಕ್ಕೇ ಮೀಸಲಿಡುತ್ತೇನೆ.

2021ರ ಫೆಬ್ರುವರಿ 1. ಚುನಾವಣೆಯಲ್ಲಿ ಗೆದ್ದವರು ಹೊಸ ಸಂಸತ್ತಿನಲ್ಲಿ ಕೂರಬೇಕಿದ್ದ ದಿನ. ಅಂದೇ ಆಗಿನ ಸೇನಾ ಮುಖ್ಯಸ್ಥ ಜನರಲ್ ಮಿನ್ ಆಂಗ್ ಹ್ಲೈಂಗ್ ಅಧಿಕಾರ ಕಸಿದುಕೊಂಡರು. ನಾಗರಿಕ ಸರ್ಕಾರದ ನಾಯಕಿ ಆಂಗ್ ಸಾನ್ ಸೂ ಕಿ, ಅಧ್ಯಕ್ಷ ವಿನ್ ಮ್ಯಿಂಟ್ ಬಂಧಿತರಾದರು. ಜಗತ್ತು ಸುಮ್ಮನಿರಲಿಲ್ಲ. ಅಮೆರಿಕ, ಬ್ರಿಟನ್, ಕೆನಡಾ, ಐರೋಪ್ಯ ಒಕ್ಕೂಟ ನಿರ್ಬಂಧ ಹೇರಿದವು. ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟವಾದ ಆಸಿಯಾನ್ ಐದು ಅಂಶಗಳ ಸೂತ್ರ ರೂಪಿಸಿತು, ಅದನ್ನು ಕಡೆಗಣಿಸಿದ ಜನರಲ್‌ಗೆ ಶೃಂಗಸಭೆಯ ಆಹ್ವಾನ ನಿಲ್ಲಿಸಿತು. ಖಂಡನೆಗೆ ಬರವಿರಲಿಲ್ಲ. ಬರವಿದ್ದದ್ದು ಹೊಂದಾಣಿಕೆಗೆ.

ಸೇನೆಗೆ ವಿದೇಶಿ ಹಣ ತರುವ ಬಹು ದೊಡ್ಡ ಮೂಲ ಸರ್ಕಾರಿ ತೈಲ ಮತ್ತು ಅನಿಲ ಸಂಸ್ಥೆ. ಅದರ ಮೇಲೆ ಐರೋಪ್ಯ ಒಕ್ಕೂಟ 2022ರ ಫೆಬ್ರುವರಿಯಲ್ಲೇ ನಿರ್ಬಂಧ ಹೇರಿತು. ಅಮೆರಿಕ ಆ ಸಂಸ್ಥೆಗೆ ಹಣಕಾಸು ಸೇವೆ ನಿಷೇಧಿಸಿದ್ದು ಜಾರಿಗೆ ಬಂದದ್ದು 2023ರ ಡಿಸೆಂಬರಿನಲ್ಲಿ. ನಡುವೆ ಸುಮಾರು ಎರಡು ವರ್ಷ ಡಾಲರ್ ಹರಿಯುತ್ತಲೇ ಇತ್ತು. ಆ ಅವಧಿಯಲ್ಲೇ, 2023ರ ಏಪ್ರಿಲ್ 11ರಂದು, ಸಗಾಯಿಂಗ್ ಪ್ರಾಂತದ ಪಜೀಜೀ ಎಂಬ ಹಳ್ಳಿಯಲ್ಲಿ ಸೇರಿದ್ದ ಜನರ ಮೇಲೆ ಸೇನೆಯ ವಿಮಾನ ಬಾಂಬು ಹಾಕಿತು. ಸತ್ತವರು 150ಕ್ಕೂ ಹೆಚ್ಚು. ಅವರಲ್ಲಿ ಮಕ್ಕಳಿದ್ದರು.

ನಿರ್ಬಂಧಗಳಿಂದ ಏನೂ ಆಗದು ಎನ್ನುವವರು ಒಂದು ಲೆಕ್ಕ ನೋಡಬೇಕು. 2023ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್, ಕ್ಷಿಪ್ರಕ್ರಾಂತಿಯ ನಂತರ ಸೇನೆ ಕನಿಷ್ಠ 100 ಕೋಟಿ ಡಾಲರ್ ಬೆಲೆಯ ಶಸ್ತ್ರಾಸ್ತ್ರ, ಬಿಡಿಭಾಗ, ಕಚ್ಚಾ ಸಾಮಗ್ರಿ ತರಿಸಿಕೊಂಡಿದೆ ಎಂದು ದೇಶವಾರು ಪಟ್ಟಿ ಮುಂದಿಟ್ಟರು. ರಷ್ಯಾ, ಚೀನಾ ಮೊದಲೆರಡು, ಮೂರನೆಯದು ಸಿಂಗಪುರ. ಸಿಂಗಪುರ ಸರ್ಕಾರ ತನಿಖೆಗೆ ಇಳಿಯಿತು. ಒಂದೇ ವರ್ಷದಲ್ಲಿ ಅಲ್ಲಿನ ಕಂಪನಿಗಳಿಂದ ಹೋಗುತ್ತಿದ್ದ ಸರಕು 11 ಕೋಟಿ ಡಾಲರಿನಿಂದ 1 ಕೋಟಿಯ ಆಸುಪಾಸಿಗೆ ಕುಸಿಯಿತು. ಬ್ಯಾಂಕುಗಳ ಮೂಲಕ ಸೇನೆ ಮಾಡುತ್ತಿದ್ದ ಒಟ್ಟು ಖರೀದಿಯೂ ಮೂರನೇ ಒಂದರಷ್ಟು ಇಳಿಯಿತು. ಒಂದು ಪುಟ್ಟ ದೇಶ ಮನಸ್ಸು ಮಾಡಿದರೆ ಇಷ್ಟು ಸಾಧ್ಯ. ಆದರೆ ಅದೇ ವರ್ಷ ಥಾಯ್ಲೆಂಡ್ ಕಂಪನಿಗಳ ಪಾಲು 6 ಕೋಟಿಯಿಂದ 13 ಕೋಟಿ ಡಾಲರಿನ ಹತ್ತಿರಕ್ಕೆ ಏರಿತು. ತೂಬು ಮುಚ್ಚಿ ಕೋಡಿ ಬಿಟ್ಟರೆ ಕೆರೆ ನಿಲ್ಲುತ್ತದೆಯೇ?

ಭದ್ರತಾ ಮಂಡಳಿ ಒಂದು ಮಾತಿನಲ್ಲಿ ಇದನ್ನೆಲ್ಲ ಕಟ್ಟಬಹುದಿತ್ತು. 2022ರ ಡಿಸೆಂಬರಿನ ಅದರ ನಿರ್ಣಯ ಹಿಂಸೆ ನಿಲ್ಲಿಸಿ, ಬಂಧಿತರನ್ನು ಬಿಡಿ ಎಂದು ಆಗ್ರಹಿಸಿತೇ ಹೊರತು ಯಾವ ನಿರ್ಬಂಧವನ್ನೂ ಹೇರಲಿಲ್ಲ. ಆ ನಿರ್ಣಯಕ್ಕೂ ಚೀನಾ, ರಷ್ಯಾ ಮತ್ತು ಭಾರತ ಮತ ಹಾಕದೆ ಉಳಿದವು. ಇನ್ನು 2025ರ ಜುಲೈನಲ್ಲಿ ಅಮೆರಿಕ, ಸೇನೆಗೆ ಬೇಕಾದ ಕೆಲವು ವ್ಯಾಪಾರಿಗಳನ್ನು ತನ್ನ ಪಟ್ಟಿಯಿಂದ ಕೈಬಿಟ್ಟಿತು. ಕಟ್ಟುವುದಕ್ಕೆ ವರ್ಷಗಳು ಬೇಕು, ಬಿಚ್ಚುವುದಕ್ಕೆ ಒಂದು ಆದೇಶ ಸಾಕು.

ನಿರ್ಬಂಧ ಬಡವರ ಹೊಟ್ಟೆಗೆ ಹೊಡೆಯುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. 2003ರಲ್ಲಿ ಅಮೆರಿಕ ಆ ದೇಶದ ಸರಕನ್ನೆಲ್ಲ ನಿಷೇಧಿಸಿದಾಗ ಕೆಲಸ ಕಳೆದುಕೊಂಡವರು ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಕ್ಕಳು. ಹಾಗಾಗಿ ನಾನು ಕೇಳುವುದು ಸಾರಾಸಗಟು ನಿಷೇಧವನ್ನಲ್ಲ. ಶಸ್ತ್ರ, ವಿಮಾನ ಇಂಧನ, ಸೇನೆಯ ಬ್ಯಾಂಕ್ ಖಾತೆ: ಈ ಮೂರಕ್ಕೆ ಎಲ್ಲ ದೇಶಗಳೂ ಒಂದೇ ಹೊತ್ತಿಗೆ ತಡೆ ಹಾಕಲಿ. ಅಕ್ಕಿ, ಔಷಧಿ, ಬಟ್ಟೆ ಮುಟ್ಟುವುದು ಬೇಡ.

ಈಗ ನಮ್ಮ ಪಾತ್ರ. ಆಂಡ್ರ್ಯೂಸ್ ಪಟ್ಟಿಯಲ್ಲಿ ಭಾರತದ ಪಾಲು 5.1 ಕೋಟಿ ಡಾಲರ್. ಅದರಲ್ಲಿ ಹೆಸರಿಸಲಾದ ಸಂಸ್ಥೆಗಳಲ್ಲಿ ಒಂದು, ನಾವು ಕೂತಿರುವ ಈ ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಭಾರತ್ ಎಲೆಕ್ಟ್ರಾನಿಕ್ಸ್. ಹಿಂದಿನ ನಾಗರಿಕ ಸರ್ಕಾರಕ್ಕೆ ಕೊಟ್ಟ ಮಾತಿನಂತೆ ಸರಬರಾಜು ನಡೆಯಿತು ಎಂಬುದು ದೆಹಲಿಯ ವಿವರಣೆ. ಆ ಸರ್ಕಾರವನ್ನೇ ಜೈಲಿಗೆ ಹಾಕಿದವರಿಗೆ ಆ ಮಾತು ಹೇಗೆ ಸಲ್ಲುತ್ತದೆ? ಗಡಿಯ ಭದ್ರತೆ, ಚೀನಾದ ಪ್ರಭಾವ, ಮ್ಯಾನ್ಮಾರ್ ಮೂಲಕ ಈಶಾನ್ಯಕ್ಕೆ ದಾರಿ ಮಾಡುವ ಕಲಾದಾನ್ ಯೋಜನೆ ನಿಜವಾದ ಚಿಂತೆಗಳೇ. ರಾಯಭಾರ ಕಚೇರಿ ತೆರೆದಿರಲಿ, ಮಾತುಕತೆಯೂ ನಡೆಯಲಿ. ಆದರೆ ಬಾಂಬಿಗೆ ಹೆದರಿ ಓಡಿಬಂದ ಮೂವತ್ತು ಸಾವಿರಕ್ಕೂ ಹೆಚ್ಚು ಚಿನ್ ಜನರಿಗೆ ಮಿಜೋರಾಂ ನೆರಳು ಕೊಟ್ಟಿದೆ. ಒಂದು ಕೈಯಲ್ಲಿ ಆಶ್ರಯ, ಇನ್ನೊಂದು ಕೈಯಲ್ಲಿ ಸೇನೆಗೆ ಬಿಡಿಭಾಗ: ಇದು ನಮಗೆ ಭೂಷಣವಲ್ಲ.

ಪ್ರತಿನಿಧಿಗಳೆ, ನಾಳೆಯ ನಿರ್ಣಯದಲ್ಲಿ ಎರಡು ಬೇಡಿಕೆ ಸೇರಿಸಿ. ಮ್ಯಾನ್ಮಾರ್ ಸೇನೆಗೆ ಭಾರತದಿಂದ ಶಸ್ತ್ರ, ಬಿಡಿಭಾಗ, ವಿಮಾನ ಇಂಧನ ಹೋಗಕೂಡದು. ಸಿಂಗಪುರ, ಥಾಯ್ಲೆಂಡ್ ಮತ್ತು ಭಾರತ ಒಟ್ಟಿಗೆ ಕೂತು ಸೇನೆಯ ಖಾತೆಗಳನ್ನು ಒಂದೇ ದಿನ ತಡೆಹಿಡಿಯಬೇಕು. ಆ ನಿರ್ಣಯವನ್ನು ನಮ್ಮ ಸಂಸತ್ ಸದಸ್ಯರೆಲ್ಲರಿಗೂ ಕಳುಹಿಸಿ, ಉತ್ತರ ಕೇಳಿ.